ಮಣಿಕಟ್ಟಿನ ಲೆಕ್ಕ ಡಿಗ್ರಿಗಳಲ್ಲಿ ಮುಗಿಯುವುದಿಲ್ಲ

ಅಂಗೈ ಊರಿ ಬಿದ್ದಾಗ ಮಣಿಕಟ್ಟಿನೊಳಗಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಮುರಿದರೂ ಎಷ್ಟೋ ಜನ ಅದನ್ನು ಉಳುಕೆಂದುಕೊಂಡು ಎಣ್ಣೆ ನೀವಿಸಿ ಸುಮ್ಮನಾಗುತ್ತಾರೆ. ಮೊದಲ ದಿನದ ಎಕ್ಸ್-ರೇಯಲ್ಲೂ ಈ ಬಿರುಕು ಕಾಣದೆ ಹೋಗುವುದುಂಟು. ಕೂಡಿಕೊಳ್ಳದೆ ಉಳಿದ ಈ ಮೂಳೆ, ಇಲ್ಲವೇ ಪಕ್ಕದ ಲುನೇಟ್ ಮೂಳೆಗೆ ಅದನ್ನು ಬಿಗಿದಿದ್ದ ರಜ್ಜು ಹರಿದದ್ದು, ವರ್ಷಗಟ್ಟಲೆ ಕೀಲನ್ನು ಸವೆಸುತ್ತದೆ. ಆ ಸವೆತ ಮನಬಂದಂತೆ ಹರಡುವುದಿಲ್ಲ, ಅದಕ್ಕೊಂದು ಕ್ರಮವಿದೆ ಎಂದು ವೈದ್ಯರಾದ ವಾಟ್ಸನ್ ಮತ್ತು ಬ್ಯಾಲೆ 1984ರಲ್ಲಿ ತೋರಿಸಿದರು. ಲುನೇಟ್‌ಗೂ ಮುಂದೋಳಿನ ರೇಡಿಯಸ್‌ಗೂ ನಡುವಿನ ಕೀಲು ಸಾಮಾನ್ಯವಾಗಿ ಕೊನೆಯವರೆಗೂ ಕೆಡುವುದಿಲ್ಲ. ಭಾಗಶಃ ಬೆಸುಗೆಯ ಶಸ್ತ್ರಚಿಕಿತ್ಸೆ ನಂಬಿರುವುದು ಈ ಒಂದು ಕೀಲನ್ನೇ: ಸ್ಕೇಫಾಯ್ಡನ್ನು ತೆಗೆದು, ಲುನೇಟ್, ಕ್ಯಾಪಿಟೇಟ್, ಹ್ಯಾಮೇಟ್, ಟ್ರೈಕ್ವೆಟ್ರಮ್ ನಾಲ್ಕನ್ನೂ ಒಂದಾಗಿ ಬೆಸೆದು, ಉಳಿದ ಚಲನೆಯನ್ನೆಲ್ಲ ಅದರ ಪಾಲಿಗೆ ಬಿಡುತ್ತಾರೆ.

ಫಲಿತಾಂಶ ಒಟ್ಟಾರೆ ಚೆನ್ನಾಗಿಯೇ ಇದೆ. ಹೆಚ್ಚಿನವರಿಗೆ ನೋವು ಇಳಿಯುತ್ತದೆ, ಇನ್ನೊಂದು ಕೈಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಬಾಗುವಿಕೆ, ಮುಕ್ಕಾಲು ಪಾಲು ಹಿಡಿತದ ಬಲ ಉಳಿಯುತ್ತದೆ. ಆದರೆ ಇಷ್ಟಕ್ಕೇ ‘ಯಶಸ್ವಿ’ ಎಂದು ಬರೆದುಬಿಡುವುದು ಅವಸರವಾಯಿತು. ಅರ್ಧ ಉಳಿಯಿತು ಸರಿ, ಯಾವ ಅರ್ಧ? ಸುತ್ತಿಗೆ ಎತ್ತಿ ಹೊಡೆಯುವಾಗ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಹಿಂಬಾಗಿ, ಕಿರುಬೆರಳಿನ ಕಡೆಗೆ ಮುಂಬಾಗುತ್ತದೆ. ಈ ಓರೆ ಚಲನೆ ಹೆಚ್ಚಾಗಿ ನಡೆಯುವುದು ಮಣಿಕಟ್ಟಿನ ಎರಡು ಮೂಳೆಸಾಲುಗಳ ನಡುವಿನ ಕೀಲಿನಲ್ಲಿ. ಬೆಸುಗೆ ಬೀಳುವುದೂ ಅಲ್ಲೇ. ಆಫೀಸಿನಲ್ಲಿ ಕೂರುವವರಿಗೆ ಇದು ಗಮನಕ್ಕೇ ಬಾರದಿರಬಹುದು, ಬಡಗಿಗೆ ಹಾಗಲ್ಲ.

ದಿನನಿತ್ಯದ ಕೆಲಸಕ್ಕೆ ಎಷ್ಟು ಚಲನೆ ಬೇಕು ಎಂಬುದರಲ್ಲೂ ಒಮ್ಮತವಿಲ್ಲ. 1985ರ ಅಮೆರಿಕದ ಅಧ್ಯಯನವೊಂದು 5 ಡಿಗ್ರಿ ಮುಂಬಾಗು, 30 ಡಿಗ್ರಿ ಹಿಂಬಾಗು ಸಾಕೆಂದಿತು. 1991ರಲ್ಲಿ ಅಲ್ಲಿಯದೇ ಇನ್ನೊಂದು ಅಧ್ಯಯನ ಎರಡೂ ಕಡೆಗೆ 40 ಡಿಗ್ರಿ ಬೇಕೆಂದಿತು. ನೆಲಕ್ಕೆ ಅಂಗೈ ಊರಿ ಏಳುವವರಿಗೆ ಈ ಎರಡೂ ಸಾಲವು. ಕೈ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವ ‘ಡ್ಯಾಶ್’ ಪ್ರಶ್ನಾವಳಿಯ 30 ಪ್ರಶ್ನೆಗಳಲ್ಲಿ ಗಾಲ್ಫ್, ಟೆನಿಸ್, ಫ್ರಿಸ್ಬಿಯ ಉದಾಹರಣೆಗಳಿವೆ. ಮುದ್ದೆ ತೊಳಸುವುದು, ಬಟ್ಟೆ ಹಿಂಡುವುದು, ಗುದ್ದಲಿ ಹಿಡಿಯುವುದು ಅದರಲ್ಲಿ ಹೇಗೆ ಬಂದೀತು!

ಅಂಕಿಗಳಿಲ್ಲದೆ ಒಂದು ಚಿಕಿತ್ಸೆಯನ್ನು ಇನ್ನೊಂದರ ಜತೆ ಹೋಲಿಸುವುದಾದರೂ ಹೇಗೆ ಎಂದು ವೈದ್ಯರು ಕೇಳಬಹುದು. ನ್ಯಾಯವಾದ ಮಾತು. ಆದರೆ ಹೋಲಿಸಿ ನೋಡಿದಾಗ ಆ ಅಂಕಿಗಳೇ ತೀರ್ಪು ಕೊಡದೆ ಕೈಚೆಲ್ಲುತ್ತವೆ. ಬೆಸೆಯುವ ಬದಲು ಮುಂದೋಳಿನ ಕಡೆಯ ಸಾಲಿನ ಮೂರು ಮೂಳೆಗಳನ್ನು ತೆಗೆದುಹಾಕುವ ವಿಧಾನವೂ ಬಹುಕಾಲದಿಂದ ಇದೆ. ಎರಡರ ಬಗೆಗಿನ ಅಧ್ಯಯನಗಳನ್ನು 2009ರಲ್ಲಿ ಒಟ್ಟಿಗಿಟ್ಟು ಪರಿಶೀಲಿಸಿದಾಗ ನೋವು, ಹಿಡಿತ ಎರಡರಲ್ಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮೂಳೆ ತೆಗೆದವರಿಗೆ ಚಲನೆ ತುಸು ಹೆಚ್ಚು ಸಿಕ್ಕಿತು, ಆದರೆ ಮುಂದೆ ಅವರ ಎಕ್ಸ್-ರೇಯಲ್ಲಿ ಸವೆತವೂ ಹೆಚ್ಚಿತ್ತು. ಬೆಸೆದವರಲ್ಲಿ ಮೂಳೆ ಕೂಡದಿರುವುದು, ಸ್ಕ್ರೂ-ಪ್ಲೇಟುಗಳ ತೊಂದರೆ ಕಂಡವು. ಅಂಕಿಗಳು ಇಷ್ಟು ಹತ್ತಿರವಿರುವಾಗ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ರೋಗಿಯ ವಯಸ್ಸು ಮತ್ತು ಕೆಲಸ. ವಯಸ್ಸಾದ, ಭಾರ ಎತ್ತದ ವ್ಯಕ್ತಿಗೆ ಮೂಳೆ ತೆಗೆಯುವುದೇ ಸುಲಭದ ದಾರಿ ಎಂದು ನನಗನ್ನಿಸುತ್ತದೆ. ಇನ್ನೂ ದಶಕಗಳ ದುಡಿಮೆ ಮುಂದಿರುವವರಿಗೆ ಬೆಸುಗೆಯ ಪರ ವಾದ ಗಟ್ಟಿ.

ಗಿಜಿಗುಡುವ ಸರ್ಕಾರಿ ಹೊರರೋಗಿ ವಿಭಾಗದಲ್ಲಿ ಇಷ್ಟೆಲ್ಲ ಕೇಳಲು ಪುರುಸೊತ್ತೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ. ತಿಂಗಳುಗಳಿಂದ ನೋಯುತ್ತಿರುವ ಕೈಗೆ ಇನ್ನೊಂದು ಭೇಟಿ ಹೊರೆಯಾಗದು. ಆ ಭೇಟಿಯಲ್ಲಿ ರೋಗಿ ದಿನವಿಡೀ ಮಾಡುವ ಕೆಲಸವನ್ನು ಕೈಯಲ್ಲೇ ಅಭಿನಯಿಸಿ ತೋರಿಸಲಿ. ಬೀಡಿ-ಸಿಗರೇಟು ಬಿಡದಿದ್ದರೆ ಮೂಳೆ ಕೂಡದಿರುವ ಅಪಾಯ ಹೆಚ್ಚೆಂಬುದನ್ನೂ, ಕೂಡಿದ ಮೇಲೂ ಭಾರದ ಕೆಲಸಕ್ಕೆ ಮರಳಲು ಕೆಲವು ತಿಂಗಳು ಬೇಕೆಂಬುದನ್ನೂ ವೈದ್ಯರು ಬಿಡಿಸಿ ಹೇಳಲಿ. ದಿನಗೂಲಿಯ ಮನೆಯಲ್ಲಿ ಅಷ್ಟು ತಿಂಗಳು ಒಲೆ ಉರಿಯುವುದು ಹೇಗೆ ಎಂಬ ಮಾತೂ ಆಪರೇಷನ್ನಿನ ದಿನಾಂಕ ಗೊತ್ತುಮಾಡುವ ಮುನ್ನವೇ ಆಗಬೇಕು.