ಮನೆಮಾತು: ಕುದಿಸಬಾರದ ಚಹಾ

ಚೀನದ ಹಾಂಗ್‌ಜೌ ನಗರದಲ್ಲಿರುವ ಮಗನನ್ನು ನೋಡಿಕೊಂಡು ಬಂದ ಮೇಲಿನ ಮಹಡಿಯ ಮರಾಠಿ ಕಾಕು ನಮಗೊಂದು ಪುಟ್ಟ ಡಬ್ಬಿ ತಂದುಕೊಟ್ಟರು. ಒಳಗೆ ಹಸುರು ಬಣ್ಣದ, ಇಸ್ತ್ರಿ ಮಾಡಿದಂತೆ ಚಪ್ಪಟೆಯಾದ ಚಹಾ ಎಲೆಗಳು. ನಾವು ವಾಡಿಕೆಯಂತೆ ಹಾಲು, ಸಕ್ಕರೆ, ಜಜ್ಜಿದ ಶುಂಠಿ ಎಲ್ಲ ಕೂಡಿಸಿ ಕುದಿಸಿದೆವು. ಆದದ್ದು ಬೇವಿನ ಕಷಾಯದ ತಮ್ಮ! ಡಬ್ಬಿ ಅಟ್ಟ ಸೇರಿತು.

ವಾರದ ಮೇಲೆ ಕಾಕು, “ಚಹಾ ಹೇಗಿತ್ತು?” ಎಂದರು. ಸುಳ್ಳು ನಾಲಗೆಗೆ ಬರಲಿಲ್ಲ, ನಡೆದುದನ್ನು ಹೇಳಿದೆವು. ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ತಾವೇ ನಮ್ಮ ಅಡುಗೆಮನೆಗೆ ನಡೆದು ಮಾಡಿ ತೋರಿಸಿದರು.

ಅದು ಲಾಂಗ್‌ಜಿಂಗ್ ಎಂಬ ಚಹಾ. ಹಾಂಗ್‌ಜೌದ ಪಶ್ಚಿಮ ಸರೋವರದ ಸುತ್ತಣ ಗುಡ್ಡಗಳ ಬೆಳೆ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಚಿಗುರಿಗೆ ಬೆಲೆ ಹೆಚ್ಚು. ಕಾದ ಬಾಣಲೆಯಲ್ಲಿ ಕೈಯಿಂದ ಒತ್ತಿ ಒತ್ತಿ ಹುರಿಯುವುದರಿಂದ ಎಲೆ ಚಪ್ಪಟೆಯಾಗುತ್ತದೆ, ಹಸುರೂ ಉಳಿಯುತ್ತದೆ. ನಮ್ಮ ಹರಳು ಚಹಾದ ಗಿಡವೂ ಇದರ ಜಾತಿಯದೇ. ಸಂಸ್ಕಾರ ಮಾತ್ರ ಬೇರೆ.

ಕುದಿಯುವ ನೀರು ಹಸುರೆಲೆಯ ಕಹಿ ಒಗರನ್ನೆಲ್ಲ ಒಮ್ಮೆಗೇ ಹಿಂಡಿಬಿಡುತ್ತದೆ. ಸವಿ ಅದರಡಿ ಅಡಗುತ್ತದೆ. ಆದ್ದರಿಂದ ನೀರು ಕುದಿದ ಮೇಲೆ ಇಳಿಸಿ, 80 ಡಿಗ್ರಿಗೆ ಬರುವಷ್ಟು ಆರಗೊಡಬೇಕು. ಕಾಫಿ ಆರಿಸುವಂತೆ ಪಾತ್ರೆಯಿಂದ ಪಾತ್ರೆಗೆ ಎರಡು ಸಲ ಸುರಿದರೂ ಆದೀತು. ಒಂದು ಲೋಟಕ್ಕೆ, ಎಂದರೆ 150 ಮಿಲಿಲೀಟರಿಗೆ, 3 ಗ್ರಾಂ ಎಲೆ. ಎರಡು ನಿಮಿಷ ನೆನೆದರೆ ಸಾಕು. ಹಾಲು, ಸಕ್ಕರೆ ಬೇಡ. ಅದೇ ಎಲೆಗೆ ಇನ್ನೆರಡು ಸಲ ನೀರು ಹೊಯ್ಯಬಹುದು. ಫೂಜಿಯನ್ ಪ್ರಾಂತದ ಊಲಾಂಗ್, ಯುನ್ನಾನಿನ ಪೂ-ಅರ್ ಚಹಾಗಳಿಗಾದರೋ ಇನ್ನೂ ಬಿಸಿನೀರೇ ಸರಿ.

ಕುದಿಸುವುದೇ ತಪ್ಪೆಂದಲ್ಲ. 8ನೆಯ ಶತಮಾನದಲ್ಲಿ ಚಹಾದ ಮೇಲೆ ಗ್ರಂಥ ಬರೆದ ಲು ಯು ಎಂಬಾತನ ಕಾಲದಲ್ಲಿ ಚೀನದವರೂ ಚಹಾ ಬಿಲ್ಲೆಯನ್ನು ಪುಡಿಮಾಡಿ, ಉಪ್ಪು ಹಾಕಿ ಕುದಿಸುತ್ತಿದ್ದರು. ಬೆಟ್ಟದ ಒರತೆಯ ನೀರು ಉತ್ತಮ, ಹೊಳೆಯದು ಮಧ್ಯಮ, ಬಾವಿಯದು ಅಧಮ ಎಂದಾತ. ನಮ್ಮ ಟ್ಯಾಂಕರ್ ನೀರನ್ನು ಎಲ್ಲಿಡುತ್ತಿದ್ದನೋ!

ಕೊಳ್ಳುವವರು ಎಲೆ ಇಡಿಯಾಗಿದೆಯೇ, ಡಬ್ಬಿಯ ತಳದಲ್ಲಿ ಪುಡಿ ಕೂತಿದೆಯೇ ನೋಡಿರಿ. ಹಸುರು ಚಹಾ ಆ ವರ್ಷದ್ದೇ ಆಗಿರಲಿ. ಮಸಾಲೆ ಡಬ್ಬಿಯ ಪಕ್ಕದಲ್ಲಿಡಬೇಡಿರಿ. ಚಹಾ ಎಲೆ ಕಂಡ ವಾಸನೆಯನ್ನೆಲ್ಲ ಹೀರುತ್ತದೆ. ಚೀನದವರು ಈ ಗುಣವನ್ನೇ ಬಳಸಿ, ಎಲೆಯೊಡನೆ ಮಲ್ಲಿಗೆ ಮೊಗ್ಗು ಬೆರೆಸಿ ರಾತ್ರಿಯೆಲ್ಲ ಇಟ್ಟು ಪರಿಮಳ ಹಿಡಿಸುತ್ತಾರೆ.

ಹಿಂದೊಮ್ಮೆ ಇದೇ ಕಾಕು ನಮ್ಮಲ್ಲಿ ರಾಗಿಮುದ್ದೆಯನ್ನು ಅಗಿದು ಅಗಿದು, ಹಲ್ಲಿಗೆಲ್ಲ ಅಂಟಿಸಿಕೊಂಡು, “ಇದನ್ನು ಹೇಗಪ್ಪಾ ತಿನ್ನುತ್ತೀರಿ?” ಎಂದಿದ್ದರು. ಸಾರಿನಲ್ಲಿ ಅದ್ದಿ ನುಂಗಬೇಕೆಂದು ತೋರಿಸಿಕೊಟ್ಟ ನಾವು ಒಳಗೊಳಗೇ ನಕ್ಕಿದ್ದೆವು. ಪರಸ್ಥಳದಲ್ಲಿ ನಮ್ಮ ಊಟವನ್ನು ಯಾರಾದರೂ ತಿಳಿಯದೆ ಹಳಿದರೆ ನೋಯುವವರು ನಾವು. ಅವರು ಅಕ್ಕರೆಯಿಂದ ತಂದುದನ್ನು ಮಾತ್ರ ಕೇಳದೆಯೇ ಅಟ್ಟಕ್ಕೆ ಏರಿಸಿದ್ದೆವು.

ಡಬ್ಬಿ ಈಗ ಕೆಳಗಿಳಿದಿದೆ. ಸಂಜೆ ಕಾಕು ಬರುತ್ತಾರೆ. ನೀರು ಆರುವವರೆಗೆ ಇಬ್ಬರ ಮನೆಯ ಸುಖದುಃಖದ ಮಾತು ನಡೆಯುತ್ತದೆ.