ಡೈರಿ ಪುಸ್ತಕ ಮಗುವೇ ಓದಲಿ
ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಅಕ್ಷರಗಳಿಗೆ ಬರವಿಲ್ಲ: ಡೈರಿಯ ಹಾಲಿನ ಪುಸ್ತಕ, ಟೊಮೆಟೊ ಮಂಡಿಯ ಚೀಟಿ, ಬಸ್ಸಿನ ಫಲಕ. ‘ಇವತ್ತು ಎಷ್ಟು ಲೀಟರು, ಫ್ಯಾಟ್ ಎಷ್ಟು?’ ಎಂದು ಕೇಳಿ. ಮಗುವೇ ಓದಿ ಹೇಳಲಿ. ಸಂತೆಯ ಪಟ್ಟಿಯನ್ನೂ ಅದೇ ಬರೆಯಲಿ. ಒತ್ತಕ್ಷರ ತಪ್ಪಿದರೆ ಗದರಬೇಡಿ.

1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಕಲಿಕಾ ಪದ್ಧತಿ ಪ್ರತಿ ಮಗುವಿಗೂ ಅದರದೇ ವೇಗ ಕೊಟ್ಟಿತು. ಮನೆಗಳಲ್ಲೂ ಆ ತಾಳ್ಮೆ ಬೇಕು. ಮನೆಯಲ್ಲಿ ತೆಲುಗು ಆಡುವ ಮಕ್ಕಳು ಕೋಲಾರ ಜಿಲ್ಲೆಯಲ್ಲಿ ಬಹಳ. ಅವರಿಗೆ ಅಕ್ಷರದ ಜೊತೆ ಶಾಲೆಯ ಮಾತೂ ಹೊಸದು. ಅವರನ್ನು ದಡ್ಡರೆನ್ನುವುದು ಅನ್ಯಾಯ.

ಮನೆಯಾಚೆಯೂ ಓದಲು ದಾರಿಯಿದೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಈ ವಾರವೇ ಮಕ್ಕಳ ಹೆಸರು ಬರೆಸಿ.