ಸ್ಪ್ಯಾನರ್ ಯಾರ ಕೈಯಲ್ಲಿ?

ಸಮುದಾಯ ಸೈಕಲ್ ಕಾರ್ಯಾಗಾರವೆಂದರೆ ಬೆಳಿಗ್ಗೆ ಸೈಕಲ್ ಬಿಟ್ಟು ಸಂಜೆ ಬಂದು ಒಯ್ಯುವ ಅಂಗಡಿಯಲ್ಲ. ಅಲ್ಲಿ ರಿಪೇರಿ ಮಾಡಬೇಕಾದವರು ಸೈಕಲ್ ತಂದವರೇ. ಉಪಕರಣ, ಹಳೆಯ ಬಿಡಿಭಾಗ, ಪಕ್ಕದಲ್ಲಿ ನಿಂತು ಹೇಳಿಕೊಡುವ ಸ್ವಯಂಸೇವಕರು ಇಷ್ಟು ಮಾತ್ರ ಅಲ್ಲಿ ಸಿಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ 2000ದ ದಶಕದ ಆರಂಭದಲ್ಲಿ ಒಂದು ಅಡುಗೆಮನೆಯಲ್ಲಿ ಶುರುವಾದ ಇಂಥ ಕಾರ್ಯಾಗಾರ ‘ಬೈಸಿಕಲ್ ಕಿಚನ್’ ಎಂಬ ಹೆಸರನ್ನೇ ಉಳಿಸಿಕೊಂಡಿತು. ಯುರೋಪಿನ ಹಲವು ಊರುಗಳಲ್ಲೂ ಇವು ಇವೆ.

ಇವೆಲ್ಲ ಎಲ್ಲರಿಗೂ ತೆರೆದ ಬಾಗಿಲುಗಳೇ. ಆದರೂ ಒಳಗೆ ತುಂಬಿಕೊಳ್ಳುವವರು ಸ್ಪ್ಯಾನರ್ ಹಿಡಿದು ರೂಢಿಯಿರುವ ಗಂಡಸರು. ಯಾರೂ ಯಾರನ್ನೂ ತಡೆದಿರುವುದಿಲ್ಲ. ತಡೆಯದಿದ್ದರೆ ಸಾಕೇ ಎಂಬುದು ಪ್ರಶ್ನೆ. ಕರ್ನಾಟಕದ ಸೈಕಲ್ ಶಾಪುಗಳಲ್ಲೂ ಮೇಸ್ತ್ರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಪಂಕ್ಚರ್ ಹಾಕಲು ಕಲಿತವರು ಹುಡುಗರೇ. 2006-07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಾಗ ಸವಾರಿ ಹುಡುಗಿಯರಿಗೂ ದಕ್ಕಿತು, ಆ ಪಕ್ಕದ ಜಾಗ ದಕ್ಕಲಿಲ್ಲ.

ಹೊಸಬರು ದೂರವಾಗುವುದು ಅವಮಾನದಿಂದಲೇ ಆಗಬೇಕಿಲ್ಲ, ಉಪಕಾರದಿಂದಲೂ ಆಗುತ್ತದೆ. ಎಡಗಡೆಯ ಪೆಡಲ್ ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದವರು ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿಮಾಡುತ್ತಾರೆ. ನೋಡುತ್ತಿದ್ದ ಸ್ವಯಂಸೇವಕ “ಕೊಡಿ ಇಲ್ಲಿ” ಎಂದು ಸ್ಪ್ಯಾನರ್ ಇಸಿದುಕೊಂಡು ಅರ್ಧ ನಿಮಿಷದಲ್ಲಿ ಮುಗಿಸುತ್ತಾನೆ. ಪೆಡಲ್ ಬಂತು, ಆದರೆ ಇದು ತನ್ನ ಕೈಲಾಗದ ಕೆಲಸ ಎಂಬ ಪಾಠವೂ ಜೊತೆಗೇ ಬಂತು. ಕೇಳುವ ತನಕ ಉಪಕರಣ ಮುಟ್ಟಬಾರದು ಎಂಬ ನಿಯಮ ಇದಕ್ಕೆ ಮದ್ದು. ಬೆಲೆಯೂ ಇದೆ: ಅರ್ಧ ನಿಮಿಷದ ಕೆಲಸ ಹದಿನೈದು ನಿಮಿಷವಾಗುತ್ತದೆ, ಸಾಲು ಬೆಳೆಯುತ್ತದೆ. ದಿನಕ್ಕೆಷ್ಟು ಸೈಕಲ್ ಎಂದು ಲೆಕ್ಕ ಹಾಕುವ ಕಾರ್ಯಾಗಾರ ಆ ಬೆಲೆ ತೆರಲಾರದು.

ಹೆಂಗಸರಿಗೆಂದೇ ಮೀಸಲಾದ ಸಂಜೆಗಳು ಹುಟ್ಟಿದ್ದು ಇಂಥ ಅನುಭವಗಳಿಂದ. ಆಕ್ಸ್‌ಫರ್ಡಿನ ‘ಬ್ರೋಕನ್ ಸ್ಪೋಕ್’ ಕಾರ್ಯಾಗಾರ ಅಂಥ ಸಂಜೆಗೆ ಬೆರಿಲ್ ಬರ್ಟನ್ ಹೆಸರಿಟ್ಟಿತು. 1967ರಲ್ಲಿ 12 ಗಂಟೆಗಳಲ್ಲಿ 277.25 ಮೈಲಿ ತುಳಿದು ಗಂಡಸರ ದಾಖಲೆಯನ್ನೂ ಮೀರಿಸಿದವರು ಆಕೆ. ಹೆಸರಿನ ಆಯ್ಕೆಯಲ್ಲಿ ಸ್ವಲ್ಪ ತುಂಟತನವೂ ಇರಬಹುದು. ಎಲ್ಲರನ್ನೂ ಒಳಗೊಳ್ಳಲು ಕೆಲವರನ್ನು ಹೊರಗಿಡುವುದೇ ಎಂಬ ಆಕ್ಷೇಪ ಸಹಜ. ಉಳಿದ ದಿನಗಳು ಎಲ್ಲರಿಗೂ ಇರುವಾಗ ಅದಕ್ಕೆ ತೂಕ ಕಡಿಮೆ: ಮೀಸಲು ಸಂಜೆ ಕೊಡುವುದು ನಿಶ್ಚಿಂತೆಯಿಂದ ತಪ್ಪು ಮಾಡುವ ಅವಕಾಶವನ್ನು. ಆದರೆ ಆ ಒಂದು ಸಂಜೆಯನ್ನು ತೋರಿಸಿ ಮಿಕ್ಕ ಸಂಜೆಗಳನ್ನು ಹಾಗೇ ಬಿಟ್ಟರೆ ಆಕ್ಷೇಪಕ್ಕೆ ಜೀವ ಬರುತ್ತದೆ.

ಹಣದ ತಡೆ ಇನ್ನೂ ಸರಳ. ಬ್ರಿಟನ್ನಿನಲ್ಲಿ ಆಶ್ರಯ ಕೋರಿದವರು ಅರ್ಜಿ ಇತ್ಯರ್ಥವಾಗುವವರೆಗೆ ಸಾಮಾನ್ಯವಾಗಿ ದುಡಿಯುವಂತಿಲ್ಲ. 2024ರಲ್ಲಿ ಅವರಿಗೆ ಸಿಗುತ್ತಿದ್ದ ವಾರದ ಭತ್ಯೆ ಸುಮಾರು 49 ಪೌಂಡ್. ಲಂಡನ್ನಿನ ವಾರದ ಬಸ್ ಪಾಸಿಗೆ ಅದರ ಅರ್ಧ ಹೋಗುತ್ತಿತ್ತು. 2013ರಲ್ಲಿ ಶುರುವಾದ ‘ದ ಬೈಕ್ ಪ್ರಾಜೆಕ್ಟ್’ ದಾನ ಬಂದ ಸೈಕಲುಗಳನ್ನು ಸರಿಪಡಿಸಿ ಅವರಿಗೆ ಕೊಡುತ್ತದೆ. ದುಡಿಮೆಯ ಗಂಟೆಗಳಿಗೆ ಬದಲಾಗಿ ಸೈಕಲ್ ಕೊಡುವ ಪದ್ಧತಿ ಬೇರೆಡೆ ಇದೆ; ಪಡೆಯುವವರ ತಲೆ ತಗ್ಗದಿರುವುದು ಅದರ ಅನುಕೂಲ.

ಉಳಿಯುವ ತೊಡಕು ಸ್ವಯಂಸೇವೆಯದೇ. ಬಿಟ್ಟಿ ದುಡಿಯಲು ಬಿಡುವು ಬೇಕು. ಎರಡು ಪಾಳಿ ದುಡಿಯುವವರಿಗೆ, ಮನೆಯಲ್ಲಿ ಕೂಸಿರುವವರಿಗೆ ಅದು ಇರುವುದಿಲ್ಲ. ಹಾಗಾಗಿ ರಾತ್ರಿ ನಡೆಯುವ ಸಭೆಗಳಲ್ಲಿ ತೀರ್ಮಾನ ಮಾಡುವವರು ಬಿಡುವಿರುವ ಅದೇ ನಾಲ್ಕು ಜನ. ಸಭೆಯ ಹೊತ್ತು ಬದಲಾಯಿಸುವುದು, ಮಕ್ಕಳನ್ನು ಕರೆತರಲು ಬಿಡುವುದು, ಹೊಸಬರಿಗೆ ಬಸ್ ಖರ್ಚು ಕೊಡುವುದು ಕಷ್ಟವೇನಲ್ಲ. ಬೀಗದ ಕೈಯನ್ನು ಅವರ ಕೈಗೆ ಕೊಡುವಾಗಲೇ ಹಳಬರು ಹಿಂದೆಮುಂದೆ ನೋಡುತ್ತಾರೆ.